ಅಟ್ಟದ ಮೇಲಿನ ರೇಡಿಯೊದಿಂದ ವಾಲ್ವ್ ಆಂಪ್ಲಿಫೈಯರ್ ಕಟ್ಟಬಹುದೇ?

ಪ್ರಶ್ನೆ: ನಮ್ಮ ತಾತನವರು 1960ರ ದಶಕದಲ್ಲಿ ಕೊಂಡಿದ್ದ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ರೇಡಿಯೊ ಅಟ್ಟದ ಮೇಲಿದೆ. ಒಳಗಿನ ದೊಡ್ಡ ವಾಲ್ವಿನ ಮೇಲೆ ‘ಇಎಲ್ 84’ ಎಂದು ಅಚ್ಚಾಗಿದೆ. ಮುಂಭಾಗದಲ್ಲಿ, ನಿಲ್ದಾಣ ಸರಿಯಾಗಿ ಸಿಕ್ಕಿದೆಯೇ ಎಂದು ತೋರಿಸುವ ಹಸಿರು ಕಣ್ಣೊಂದಿದೆ. ಈ ವಾಲ್ವನ್ನು ತೆಗೆದು ಹಳೆಯ ಕಾಲದ ರೀತಿಯ ಸ್ಟೀರಿಯೊ ಆಂಪ್ಲಿಫೈಯರ್ ಒಂದನ್ನು ಕೈಯಾರೆ ಕಟ್ಟುವ ಆಸೆಯಿದೆ. ನನಗೆ ಬೆಸುಗೆ ಹಾಕಲು ಬರುತ್ತದೆ. ನನ್ನಲ್ಲಿರುವುದು ಪುಸ್ತಕದ ಕಪಾಟಿನಲ್ಲಿಡುವಂಥ ಚಿಕ್ಕ ಸ್ಪೀಕರುಗಳು. ಹೆಚ್ಚಾಗಿ ವೀಣೆ ಮತ್ತು ಹಾಡುಗಾರಿಕೆ ಕೇಳುತ್ತೇನೆ. ವಾಲ್ವಿನ ದನಿ ನಿಜವಾಗಿಯೂ ಬೇರೆಯೇ, ಅಥವಾ ಅದು ನಮ್ಮ ಹಳೆಯ ನೆನಪುಗಳ ಮೋಹವೇ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಏನನ್ನು ಕಟ್ಟಬೇಕು, ಹಣವನ್ನು ಎಲ್ಲಿ ಹಾಕಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ವಾಲ್ವ್ ಆಂಪ್ಲಿಫೈಯರಿನ ದನಿ ಬೇರೆಯಾಗಿರುವುದು ನಿಜ. ಅದನ್ನು ಅಳೆದು ತೋರಿಸಲೂಬಹುದು. ಆದರೆ ಆ ವ್ಯತ್ಯಾಸದ ದೊಡ್ಡ ಪಾಲು ಗಾಜಿನ ಬುರುಡೆಯೊಳಗೆ ಹುಟ್ಟುವುದಿಲ್ಲ. ಅದು ವಾಲ್ವನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಸ್ಪೀಕರಿಗೂ ನಡುವೆ ಹುಟ್ಟುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ವಿದ್ಯುತ್ ತಡೆ 8 ಓಮ್ ಎಂದು ಬರೆದಿರುವ ಸ್ಪೀಕರು ಎಲ್ಲ ಶ್ರುತಿಗಳಿಗೂ 8 ಓಮ್ ಆಗಿರುವುದಿಲ್ಲ. ಅದರ ಕಾಗದದ ಶಂಕು ತಾನಾಗಿ ಅನುರಣಿಸುವ ತಗ್ಗು ಶ್ರುತಿಯೊಂದರಲ್ಲಿ ಅದು 30 ಓಮ್‌ವರೆಗೂ ಏರುವುದು ಸಾಮಾನ್ಯ. ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಒಳತಡೆ ಓಮ್‌ನ ಒಂದು ಸಣ್ಣ ಭಾಗ ಮಾತ್ರ; ಆದ್ದರಿಂದ ಸ್ಪೀಕರು 8 ಓಮ್ ಆದರೇನು, 30 ಓಮ್ ಆದರೇನು, ಅದಕ್ಕೆ ಸಿಗುವ ವೋಲ್ಟೇಜು ಒಂದೇ. ಐದು ವಿದ್ಯುದ್ವಾರಗಳ ವಾಲ್ವು (ಪೆಂಟೋಡ್) ಆದ ಇಎಲ್ 84 ಅನ್ನು ಮೂರು ವಿದ್ಯುದ್ವಾರಗಳ ಟ್ರಯೋಡ್ ರೀತಿಯಲ್ಲಿ ಜೋಡಿಸಿ, ಹೊರಬರುವ ಸಂಕೇತದ ಪಾಲೊಂದನ್ನು ಮರಳಿ ಒಳಕ್ಕೆ ಕೊಟ್ಟು ದೋಷ ತಗ್ಗಿಸುವ ಫೀಡ್‌ಬ್ಯಾಕ್ ಇಲ್ಲದೆ, 5,000 ಓಮ್‌ನಿಂದ 8 ಓಮ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರಿಗೆ ಕೊಟ್ಟಾಗ ಹಾಗಲ್ಲ. ವಾಲ್ವಿನ ಒಳತಡೆ ಸುಮಾರು 2,000 ಓಮ್. ಅದನ್ನು ಟ್ರಾನ್ಸ್‌ಫಾರ್ಮರಿನ ಓಮ್ ಅನುಪಾತವಾದ 625ರಿಂದ ಭಾಗಿಸಿದರೆ 3.2 ಓಮ್, ತಂತಿಯ ತಡೆಯೂ ಸೇರಿ ಮೂರೂವರೆಯಿಂದ ನಾಲ್ಕು ಓಮ್ ಎಂದಿಟ್ಟುಕೊಳ್ಳಿ. ಈಗ ಸ್ಪೀಕರಿನ ತಡೆ ಏರಿದಲ್ಲೆಲ್ಲ ಅದಕ್ಕೆ ಸಿಗುವ ವೋಲ್ಟೇಜೂ ಏರುತ್ತದೆ. 30 ಓಮ್ ಇರುವ ತಗ್ಗು ಶ್ರುತಿಯಲ್ಲಿ ಈ ಏರಿಕೆ ಎರಡು ಡೆಸಿಬೆಲ್‌ಗಿಂತ ತುಸು ಹೆಚ್ಚು. ತಗ್ಗು ದನಿ ತುಂಬಿ ಬರುತ್ತದೆ, ತಗ್ಗು ಮತ್ತು ಮೇಲಿನ ಶ್ರುತಿಗಳನ್ನು ಬೇರೆ ಬೇರೆ ಶಂಕುಗಳಿಗೆ ಹಂಚುವ ಕ್ರಾಸ್‌ಓವರ್ ಇರುವಲ್ಲಿ ಮಧ್ಯದ ದನಿ ಒಂದಿಷ್ಟು ಮುಂದೆ ಬರುತ್ತದೆ. ಇದನ್ನೇ ಜನ ‘ಬೆಚ್ಚಗಿನ ದನಿ’ ಎನ್ನುವುದು. ಇದೇ ವಾಲ್ವನ್ನು ಪೆಂಟೋಡ್ ಆಗಿಯೇ ಉಳಿಸಿ ಫೀಡ್‌ಬ್ಯಾಕ್ ಕೊಡದಿದ್ದರೆ ಒಳತಡೆ 60 ಓಮ್ ದಾಟುತ್ತದೆ, ತಗ್ಗಿನ ಏರಿಕೆ ಸುಮಾರು 9 ಡೆಸಿಬೆಲ್ ಆಗುತ್ತದೆ. ಅದು ಬೆಚ್ಚಗಲ್ಲ, ಕೊಡದೊಳಗೆ ಬಾಯಿಟ್ಟು ಹಾಡಿದಂತೆ.

ಆದ್ದರಿಂದ ಒಂದು ಬಿಡಿಭಾಗವನ್ನೂ ಕೊಳ್ಳುವ ಮುನ್ನ ಹೀಗೆ ಮಾಡಿ ನೋಡಿ. 3.9 ಓಮ್, 10 ವಾಟ್‌ನ ಎರಡು ರೆಸಿಸ್ಟರುಗಳನ್ನು ತಂದು, ಈಗಿರುವ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವಿನ ತಂತಿಯಲ್ಲಿ ಎಡ, ಬಲ ಸ್ಪೀಕರುಗಳಿಗೆ ಒಂದೊಂದನ್ನು ಸರಣಿಯಾಗಿ ಸೇರಿಸಿ. ಮೊಬೈಲಿನಿಂದ 400 ಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆದು, ರೆಸಿಸ್ಟರ್ ಇದ್ದಾಗಲೂ ಇಲ್ಲದಾಗಲೂ 1 ವೋಲ್ಟ್ ಬರುವಂತೆ ವಾಲ್ಯೂಮ್ ಹೊಂದಿಸಿಕೊಳ್ಳಿ. ನೂರರಲ್ಲಿ ಎರಡರಷ್ಟಕ್ಕಿಂತ ಹೆಚ್ಚು ಅಂತರ ಇರದಿರಲಿ, ಏಕೆಂದರೆ ಕೊಂಚ ಜೋರಾಗಿರುವುದನ್ನು ನಮ್ಮ ಕಿವಿ ಯಾವಾಗಲೂ ‘ಹೆಚ್ಚು ಚೆನ್ನಾಗಿದೆ’ ಎಂದೇ ಹೇಳುತ್ತದೆ. (ಅಗ್ಗದ ಮಲ್ಟಿಮೀಟರುಗಳು 400 ಹರ್ಟ್ಸ್‌ಗಿಂತ ಮೇಲೆ ಸರಿಯಾಗಿ ತೋರಿಸುವುದಿಲ್ಲ, ಆದ್ದರಿಂದಲೇ ಆ ಸ್ವರ.) ಆಮೇಲೆ ನಿಮಗೆ ಚಿರಪರಿಚಿತವಾದ ಒಂದು ವೀಣಾವಾದನವನ್ನು ಎರಡೂ ರೀತಿಯಲ್ಲಿ ಕೇಳಿ. ನೀವು ಹುಡುಕುತ್ತಿರುವ ದನಿಯ ಬಹುಭಾಗ ಈ ರೆಸಿಸ್ಟರಿನಲ್ಲೇ ಸಿಕ್ಕಿತೆಂದರೆ ಅಚ್ಚರಿಪಡಬೇಡಿ. ಸಿಕ್ಕ ಮೇಲೂ ಆಂಪ್ಲಿಫೈಯರ್ ಕಟ್ಟುವ ಆಸೆ ಉಳಿದರೆ, ಅದು ಕಟ್ಟುವ ಸಂತೋಷಕ್ಕಾಗಿ ಹುಟ್ಟಿದ ಆಸೆ. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಅದೇ ಆಸೆಯವನು.

ವಾಲ್ವಿನೊಳಗೇ ಹುಟ್ಟುವ ಪಾಲೂ ಒಂದಿದೆ, ಮತ್ತು ಸಂಗೀತ ಕೇಳುವವರಿಗೆ ಅದನ್ನು ಸ್ವರಗಳ ಮಾತಿನಲ್ಲೇ ಹೇಳಬಹುದು. ಒಂದೇ ವಾಲ್ವು ಅಲೆಯ ಏರು ಇಳಿತಗಳೆರಡನ್ನೂ ಹೊರುವ ‘ಸಿಂಗಲ್ ಎಂಡೆಡ್’ ಜೋಡಣೆಯಲ್ಲಿ ಏರು ಮತ್ತು ಇಳಿತ ಒಂದೇ ಆಕಾರದಲ್ಲಿರುವುದಿಲ್ಲ. ಇದರಿಂದ ಮುಖ್ಯವಾಗಿ ಎರಡನೆಯ ಅನುಸ್ವರ, ಅಂದರೆ ಮೂಲ ಶ್ರುತಿಯ ಎರಡು ಪಟ್ಟಿನ ಸ್ವರ, ಸೇರಿಕೊಳ್ಳುತ್ತದೆ. ಮಧ್ಯಸ್ಥಾಯಿ ಷಡ್ಜಕ್ಕೆ ಎರಡನೆಯ ಅನುಸ್ವರವೆಂದರೆ ತಾರಷಡ್ಜ. ಮೂರನೆಯದು ತಾರಸ್ಥಾಯಿಯ ಪಂಚಮ. ಐದನೆಯದು ಇನ್ನೂ ಮೇಲಿನ ಅಂತರ ಗಾಂಧಾರ, ಅಂದರೆ ಚೆನ್ನಾಗಿ ಶ್ರುತಿಗೊಂಡ ತಂಬೂರಿಯಲ್ಲಿ ತಾನಾಗಿಯೇ ಕೇಳಿಬರುವ ಅದೇ ಗಾಂಧಾರ. ಏಳನೆಯದಕ್ಕೆ ಬಂದಾಗ ಮಾತ್ರ ಅದು ಕೈಶಿಕಿ ನಿಷಾದಕ್ಕಿಂತ ಇಳಿದು, ನಮ್ಮ ಯಾವ ಸ್ವರಕ್ಕೂ ಸರಿಹೊಂದದೆ ನಿಲ್ಲುತ್ತದೆ. ಸಿಂಗಲ್ ಎಂಡೆಡ್ ಟ್ರಯೋಡಿನ ದೋಷ ಹೆಚ್ಚಾಗಿ ತಾರಷಡ್ಜದಲ್ಲೇ ಇರುವುದರಿಂದ ಕಿವಿ ಅದನ್ನು ದೋಷವೆಂದು ಗುರುತಿಸದೆ ವಾದ್ಯದ ನಾದಕ್ಕೇ ಸೇರಿಸಿಕೊಳ್ಳುತ್ತದೆ. ಒಂಟಿ ವೀಣೆ ಇಂಥ ಆಂಪ್ಲಿಫೈಯರಿನಲ್ಲಿ ತುಂಬು ನಾದದಿಂದ ಕೇಳುವುದಕ್ಕೆ ಇದೊಂದು ಕಾರಣ.

ಆದರೆ ಈ ಕಥೆಯನ್ನು ವಾಲ್ವಿನ ಅಭಿಮಾನಿಗಳು ಇಲ್ಲಿಗೇ ನಿಲ್ಲಿಸುತ್ತಾರೆ, ನಾನು ನಿಲ್ಲಿಸುವುದಿಲ್ಲ. ಎರಡು ಸ್ವರಗಳು ಒಟ್ಟಿಗೆ ಬಂದಾಗ ಅದೇ ದೋಷ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಷಡ್ಜ 240 ಹರ್ಟ್ಸ್‌ನಲ್ಲಿದೆ, ಅದರ ಜೊತೆಗೆ 270 ಹರ್ಟ್ಸ್‌ನ ಚತುಃಶ್ರುತಿ ರಿಷಭ ನುಡಿಯುತ್ತಿದೆ ಎಂದುಕೊಳ್ಳಿ. ಮೊತ್ತ 510 ಹರ್ಟ್ಸ್. ಅದು 480ರ ತಾರಷಡ್ಜವೂ ಅಲ್ಲ, 540ರ ರಿಷಭವೂ ಅಲ್ಲ. ಶುದ್ಧ ರಿಷಭದ ಆಸುಪಾಸಿನಲ್ಲಿ ಬೀಳುತ್ತದೆ. ಶಂಕರಾಭರಣ ಹಾಡುತ್ತಿರುವವರ ಹಿಂದೆ ಯಾರೋ ಮೆಲ್ಲಗೆ ಬೇರೆ ರಾಗದ ಸ್ವರವನ್ನು ಹಿಡಿದು ನಿಂತಂತೆ. ದನಿ ಮೆಲ್ಲಗಿದ್ದಾಗ ಇದು ಕೇಳಿಸದಷ್ಟು ಚಿಕ್ಕದು. ಆಂಪ್ಲಿಫೈಯರು ತನ್ನ ಶಕ್ತಿಯ ಅಂಚಿಗೆ ಬಂದಂತೆ ಬೆಳೆಯುತ್ತದೆ. ಹಾಡುಗಾರಿಕೆ, ಪಿಟೀಲು, ಮೃದಂಗ, ತಂಬೂರಿ ಎಲ್ಲವೂ ಇರುವ ಕಛೇರಿಯ ಧ್ವನಿಮುದ್ರಣವು ತನಿಯಾವರ್ತನದ ಹೊತ್ತಿಗೆ ಕಲಸಿದಂತೆ ಕೇಳಿಸಿದರೆ, ಅದು ವಾಲ್ವಿನ ‘ವ್ಯಕ್ತಿತ್ವ’ವಲ್ಲ, ವಾಟ್‌ಗಳ ಬಡತನ.

ವಾಟ್‌ಗಳ ಮಾತು ಬಂದುದರಿಂದ ಸ್ಪೀಕರುಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಹೇಳಿದ ಜೋಡಣೆಯಲ್ಲಿ ಒಂದು ಇಎಲ್ 84 ಸುಮಾರು 2 ವಾಟ್ ಕೊಡುತ್ತದೆ, ಅಷ್ಟೇ. ನಿಮ್ಮ ಕಪಾಟಿನ ಸ್ಪೀಕರುಗಳ ಸೂಕ್ಷ್ಮತೆ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಆಸುಪಾಸಿನಲ್ಲಿದ್ದೀತು. ಚಿಕ್ಕ ಪೆಟ್ಟಿಗೆಯಿಂದ ತಗ್ಗು ದನಿ ತೆಗೆಯುವುದಕ್ಕೆ ತಯಾರಕರು ತೆರುವ ಬೆಲೆ ಅದು. ಹಳೆಯ ದೊಡ್ಡ ಸ್ಪೀಕರುಗಳ ಸೂಕ್ಷ್ಮತೆ 95 ಡೆಸಿಬೆಲ್ ಅಥವಾ ಅದಕ್ಕೂ ಮೇಲಿತ್ತು. ಹತ್ತು ಡೆಸಿಬೆಲ್ ಎಂದರೆ ಹತ್ತು ಪಟ್ಟು ಶಕ್ತಿ. ಅಂದರೆ 95 ಡೆಸಿಬೆಲ್‌ನ ಸ್ಪೀಕರಿಗೆ ಕೊಟ್ಟ 2 ವಾಟ್, ನಿಮ್ಮ ಸ್ಪೀಕರಿಗೆ ಕೊಟ್ಟ 20 ವಾಟ್‌ಗೆ ಸಮ. ಸರ್ಕಸ್ಸಿನಂತೆ ತೋರುವ ಎರಡು ವಾಟ್‌ನ ಆಂಪ್ಲಿಫೈಯರುಗಳಿಂದ ಒಂದು ಕಾಲದಲ್ಲಿ ಮನೆ ತುಂಬುತ್ತಿದ್ದ ಗುಟ್ಟು ಇಷ್ಟೇ. ಆಗ ವಾಟ್ ದುಬಾರಿ, ಮರ ಅಗ್ಗ. ಆದ್ದರಿಂದ ಮೊದಲು ಎಂಟು ಅಂಗುಲದ, ಹಗುರವಾದ ಕಾಗದದ ಶಂಕುವಿನ, 93 ಡೆಸಿಬೆಲ್‌ಗಿಂತ ಕಡಿಮೆಯಿಲ್ಲದ ಫುಲ್ ರೇಂಜ್ (ಒಂದೇ ಶಂಕು ಎಲ್ಲ ಶ್ರುತಿಗಳನ್ನೂ ನುಡಿಸುವ) ಸ್ಪೀಕರುಗಳನ್ನು ಹೊಂದಿಸಿಕೊಂಡು, ಅವಕ್ಕೆ ತಯಾರಕರೇ ಸೂಚಿಸುವ ಅಳತೆಯ ಪೆಟ್ಟಿಗೆ ಮಾಡಿಸಿ. ಇರುವ ಸ್ಪೀಕರುಗಳನ್ನೇ ಉಳಿಸಿಕೊಳ್ಳುವುದಾದರೆ ಸಿಂಗಲ್ ಎಂಡೆಡ್ ಆಸೆಯನ್ನು ಬಿಟ್ಟು, ಒಂದೊಂದು ಬದಿಗೆ ಎರಡೆರಡು ಇಎಲ್ 84 ಅಲೆಯನ್ನು ಹಂಚಿಕೊಂಡು ಹೊರುವ ಪುಷ್‌ಪುಲ್ ಕಟ್ಟುವುದು ಲೇಸು. ಬ್ರಿಟನ್ನಿನ ಮುಲಾರ್ಡ್ ಕಂಪನಿ 1950ರ ದಶಕದಲ್ಲಿ ಮನೆಯಲ್ಲಿ ಕಟ್ಟುವವರಿಗಾಗಿಯೇ ಪ್ರಕಟಿಸಿದ ‘5-10’ ಎಂಬ ನಕ್ಷೆ ಅಂಥದು: ಐದು ವಾಲ್ವು, ಹತ್ತು ವಾಟ್. ಅದು ಇಂದಿಗೂ ಹಳಸಿಲ್ಲ, ಆದರೆ ಮೊದಲ ಬಾರಿ ಕಟ್ಟುವವರಿಗೆ ಸುಲಭವೂ ಅಲ್ಲ.

ಹಣ ಹಾಕಬೇಕಾದ ಎರಡನೆಯ ಜಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ರೇಡಿಯೊದಲ್ಲಿರುವುದನ್ನು ಬಿಚ್ಚಿ ಬಳಸುವ ಯೋಚನೆ ಬೇಡ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಕಬ್ಬಿಣದಲ್ಲಿ ಮೃದಂಗದ ಎಡಮುಖವಾದ ತೊಪ್ಪಿಯ ತಗ್ಗು ದನಿ ದಾಟುವುದಿಲ್ಲ. ನಿಮಗೆ ಬೇಕಾದುದು 5,000 ಓಮ್‌ಗೆ 8 ಓಮ್, ಅಂದರೆ ಸುತ್ತುಗಳ ಅನುಪಾತ 25ಕ್ಕೆ 1. ಟ್ರಯೋಡ್ ಜೋಡಣೆಯ ಇನ್ನೊಂದು ಅನುಕೂಲ ಇಲ್ಲಿ ಕಾಣುತ್ತದೆ: 30 ಹರ್ಟ್ಸ್‌ವರೆಗೆ ಇಳಿಯಲು ಟ್ರಯೋಡಿಗೆ ಪ್ರೈಮರಿಯಲ್ಲಿ (ವಾಲ್ವಿನ ಕಡೆಯ ಸುರುಳಿಯಲ್ಲಿ) ಸುಮಾರು 8 ಹೆನ್ರಿ ಪ್ರೇರಕತೆ ಸಾಕು, ಫೀಡ್‌ಬ್ಯಾಕ್ ಇಲ್ಲದ ಪೆಂಟೋಡಿಗೆ 23 ಹೆನ್ರಿಗಿಂತ ಹೆಚ್ಚು ಬೇಕು. ಅಂದರೆ ಸಾಧಾರಣ ಗಾತ್ರದ ಕಬ್ಬಿಣದಲ್ಲೇ ಒಳ್ಳೆಯ ಕೆಲಸವಾಗುತ್ತದೆ. ವೈಂಡಿಂಗ್ ಮಾಡುವವರಿಂದ ಹೇಳಿ ಮಾಡಿಸುವುದಾದರೆ ಪ್ರೈಮರಿ ಮತ್ತು ಸೆಕೆಂಡರಿಗಳನ್ನು ಪದರ ಪದರವಾಗಿ ಒಂದರ ನಡುವೆ ಒಂದು ಬರುವಂತೆ ಸುತ್ತಿಸಿ. ಇಲ್ಲವಾದರೆ ಮೇಲಿನ ಶ್ರುತಿಗಳು ಮಂಕಾಗುತ್ತವೆ.

ಒಂದು ವಿಷಯವನ್ನು ಕಾಗದದ ಮೇಲೆ ಬರೆದೇ ಕೊಡಿ. ಸಿಂಗಲ್ ಎಂಡೆಡ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ವಾಲ್ವಿನ ನೇರ ವಿದ್ಯುತ್ತು ಸದಾ ಹರಿಯುತ್ತಿರುವುದರಿಂದ ಕಬ್ಬಿಣವು ಕಾಂತತೆಯಿಂದ ತುಂಬಿಹೋಗದಂತೆ ಅದರ ದಾರಿಯಲ್ಲಿ ಸಣ್ಣ ಗಾಳಿಯಂತರ ಇರಬೇಕು. ಎಲ್ಲ ‘ಇ’ ತಗಡುಗಳೂ ಒಂದು ಕಡೆ, ಎಲ್ಲ ‘ಐ’ ತಗಡುಗಳೂ ಇನ್ನೊಂದು ಕಡೆ, ನಡುವೆ ತೆಳು ಕಾಗದ. ನಾನು ಮೊದಲು ಮಾಡಿಸಿದ ಜೋಡಿಯನ್ನು ಸುತ್ತಿಕೊಟ್ಟವರು ಕೈ ಪಳಗಿದವರೇ, ಆದರೆ ಅವರ ದಿನನಿತ್ಯದ ಕೆಲಸ ಸ್ಟೆಬಿಲೈಸರಿನ ಟ್ರಾನ್ಸ್‌ಫಾರ್ಮರುಗಳು. ಅಭ್ಯಾಸಬಲದಿಂದ ತಗಡುಗಳನ್ನು ಒಂದು ಬಿಟ್ಟು ಒಂದು ಹೆಣೆದು, ಬಿಗಿಯಾಗಿ ವಾರ್ನಿಷ್ ಮಾಡಿ ಕೊಟ್ಟರು. ಕೇಳಿದರೆ ತಂಬೂರಿಯ ಮಂದ್ರ ತಂತಿಯೇ ಮಾಯ. ಎರಡು ತಿಂಗಳು ವಾಲ್ವುಗಳನ್ನೂ ಕೆಪ್ಯಾಸಿಟರುಗಳನ್ನೂ ಬದಲಾಯಿಸುತ್ತ ಕುಳಿತವನು, ಕಡೆಗೆ ತಗಡುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿ, ನೋಟ್‌ಬುಕ್ಕಿನ ಹಾಳೆಯೊಂದರ ಚೂರು ಇಟ್ಟ ಸಂಜೆ ಆ ತಂತಿ ಮರಳಿ ಬಂತು.

ಇನ್ನು ನಕ್ಷೆ. ಸಂಕೇತವನ್ನು ಮೊದಲು ಹಿಗ್ಗಿಸಲು ಎಡ, ಬಲ ಎರಡು ಬದಿಗಳಿಗೂ ಸೇರಿ ಒಂದು ಇಸಿಸಿ 82, ಒಂದೊಂದು ಬದಿಗೆ ಒಂದು ಇಎಲ್ 84, ವಿದ್ಯುತ್ ಭಾಗದಲ್ಲಿ ಎಸಿಯನ್ನು ನೇರ ವಿದ್ಯುತ್ತಾಗಿಸಲು ಒಂದು ಇಝಡ್ 81: ಒಟ್ಟು ನಾಲ್ಕು ವಾಲ್ವುಗಳು. ಇಸಿಸಿ 82ರೊಳಗೆ ಎರಡು ಟ್ರಯೋಡುಗಳಿರುವುದರಿಂದ ಬದಿಗೊಂದು ಸಿಗುತ್ತದೆ. ಅನೇಕರು ಇಲ್ಲಿ ಇಸಿಸಿ 83 ಹಾಕುತ್ತಾರೆ. ಅದರ ವರ್ಧನೆ ಈ ಕೆಲಸಕ್ಕೆ ಅತಿಯಾಯಿತು. ಇಎಲ್ 84ರ ಗ್ರಿಡ್ಡಿಗೆ (ಸಂಕೇತ ಒಳಬರುವ ವಿದ್ಯುದ್ವಾರಕ್ಕೆ) ಬೇಕಾದುದು ಸುಮಾರು 9 ವೋಲ್ಟ್ ಎತ್ತರದ ಅಲೆ. ಇಸಿಸಿ 82 ಹದಿನಾಲ್ಕು ಪಟ್ಟು ಹಿಗ್ಗಿಸಿದರೆ ಅರ್ಧ ವೋಲ್ಟಿನಷ್ಟು ಸಂಕೇತ ಸಾಕು, ಅಷ್ಟನ್ನು ನಿಮ್ಮ ಮೊಬೈಲೇ ಕೊಡುತ್ತದೆ. ಇಎಲ್ 84ರ ಸ್ಕ್ರೀನ್ ಗ್ರಿಡ್ಡಾದ 9ನೇ ಪಿನ್ನನ್ನು 100 ಓಮ್ ರೆಸಿಸ್ಟರ್ ಮೂಲಕ ಪ್ಲೇಟಾದ 7ನೇ ಪಿನ್ನಿಗೆ ಸೇರಿಸಿದರೆ ಟ್ರಯೋಡ್ ಆಯಿತು. 3ನೇ ಪಿನ್ನಿನ ಕ್ಯಾಥೋಡಿಗೆ 270 ಓಮ್. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 250 ವೋಲ್ಟ್ ಇದ್ದರೆ ಸುಮಾರು 34 ಮಿಲಿಆಂಪ್ ಹರಿಯುತ್ತದೆ. ಆ 270 ಓಮ್‌ನ ಮೇಲೆ 9 ವೋಲ್ಟ್‌ಗೆ ಹತ್ತಿರ ಕಂಡರೆ ಎಲ್ಲವೂ ಸರಿಯಿದೆ ಎಂದರ್ಥ. ವಾಲ್ವು ಆಗ ಎಂಟೂವರೆ ವಾಟ್ ಶಾಖ ಹೊರುತ್ತದೆ. ಅದರ ಮಿತಿ 12 ವಾಟ್. ಪೆಂಟೋಡ್ ನಕ್ಷೆಗಳಲ್ಲಿ ಈ ಬಡಪಾಯಿ ವಾಲ್ವನ್ನು ಸರಿಯಾಗಿ 12 ವಾಟ್‌ನಲ್ಲೇ ದುಡಿಸುವುದು ವಾಡಿಕೆ; ನಮ್ಮಲ್ಲಿ ಅದು ಬಹುಕಾಲ ಬಾಳುತ್ತದೆ.

ವಾಲ್ವುಗಳು ಸಿಗುತ್ತವೆಯೇ ಎಂಬ ಚಿಂತೆ ಬೇಡ. ಇಎಲ್ 84 ಸ್ಲೊವಾಕಿಯಾದಲ್ಲಿ ಇಂದಿಗೂ ತಯಾರಾಗುತ್ತದೆ. ಗಿಟಾರ್ ನುಡಿಸುವವರು ಅದನ್ನು ಬದುಕಿಸಿದ್ದಾರೆ. 6ಬಿಕ್ಯೂ5 ಎಂಬ ಅಮೆರಿಕನ್ ಹೆಸರಿನಲ್ಲಿಯೂ ಇದೇ ವಾಲ್ವು ಇದೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್, ರೇಡಿಯೊ ವಾಲ್ವುಗಳನ್ನು ದೇಶದ ತುಂಬ ಒದಗಿಸಿದ ಸಂಸ್ಥೆ; ‘ಬಿಇಎಲ್’ ಮುದ್ರೆಯ ಹಳೆಯ ದಾಸ್ತಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಹುಡುಕುವವರಿಗೆ ಸಿಕ್ಕೀತು, ನಿಮ್ಮ ರೇಡಿಯೊದಲ್ಲಿರುವುದೂ ಅದೇ ಆಗಿದ್ದರೆ ಆಶ್ಚರ್ಯವಿಲ್ಲ. ಎಣ್ಣೆ ತುಂಬಿದ ಕೆಪ್ಯಾಸಿಟರು, ಬೆಳ್ಳಿಯ ತಂತಿ ಇತ್ಯಾದಿಗಳಿಗೆ ಸದ್ಯಕ್ಕೆ ಒಂದು ಕಾಸನ್ನೂ ಖರ್ಚು ಮಾಡಬೇಡಿ.

ಸರಿಯಾಗಿ ಕಟ್ಟಿದ ಮೇಲೂ ಹಲವರನ್ನು ಕಾಡುವುದು ‘ಹಮ್’, ಅಂದರೆ ಸ್ಪೀಕರಿನ ಗುಂಯ್‌ಗುಡುವಿಕೆ. ಅದರ ಶ್ರುತಿಯನ್ನು ಗುರುತಿಸಿದರೆ ಅರ್ಧ ಕೆಲಸವಾದಂತೆ. ಅದು 50 ಹರ್ಟ್ಸ್ ಆಗಿದ್ದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿನ ತಂತಿಯಿಂದಲೋ ಅರ್ತಿಂಗಿನ ಸುತ್ತಿನಿಂದಲೋ ಬಂದದ್ದು. ಅದರ ಮೇಲಿನ ಸ್ಥಾಯಿಯ 100 ಹರ್ಟ್ಸ್ ಆಗಿದ್ದರೆ ವಿದ್ಯುತ್ ಭಾಗದ ಚೋಕು (ಏರಿಳಿತ ತಗ್ಗಿಸುವ ಸುರುಳಿ) ಇಲ್ಲವೇ ಕೆಪ್ಯಾಸಿಟರುಗಳು ಸಾಲದಾಗಿವೆ. ಹೀಟರಿನ ಎರಡು ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೊಸೆದು ಪೆಟ್ಟಿಗೆಯ ಮೂಲೆಗುಂಟ ಒಯ್ಯಿರಿ. ಪ್ರತಿಯೊಂದು ಹಂತದ ನೆಲದ ತಂತಿಯನ್ನೂ ತಂದು ಒಂದೇ ಬಿಂದುವಿನಲ್ಲಿ ಪೆಟ್ಟಿಗೆಗೆ ಸೇರಿಸಿ.

ಅಪಾಯದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಸುಗೆ ಹಾಕಲು ಬರುವುದೇ ಬೇರೆ, 300 ವೋಲ್ಟ್ ನೇರ ವಿದ್ಯುತ್ತಿನ ಪಕ್ಕದಲ್ಲಿ ಕೈಯಾಡಿಸುವುದೇ ಬೇರೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರುಗಳು ಆ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರುತ್ತವೆ. ಇಝಡ್ 81ರ ನಂತರ 47 ಮೈಕ್ರೊಫ್ಯಾರಡ್ (ಅದರ ಮಿತಿ 50), ಚೋಕಿನ ನಂತರ 100 ಮೈಕ್ರೊಫ್ಯಾರಡ್, ಎರಡೂ 450 ವೋಲ್ಟಿನವು. ಎರಡನೆಯದರ ಅಡ್ಡಕ್ಕೆ 220 ಕಿಲೋಓಮ್, 2 ವಾಟ್‌ನ ರೆಸಿಸ್ಟರನ್ನು ಶಾಶ್ವತವಾಗಿ ಬೆಸೆದುಬಿಡಿ. ಹಾಗೆ ಮಾಡಿದರೆ ಸುಮಾರು ಮೂರು ನಿಮಿಷಗಳಲ್ಲಿ 300 ವೋಲ್ಟು ಎರಡು ಮೂರು ವೋಲ್ಟಿಗೆ ಇಳಿಯುತ್ತದೆ. ಇಳಿದಿದೆ ಎಂದು ನಂಬಬೇಡಿ, ಪ್ರತಿ ಸಲವೂ ಅಳೆಯಿರಿ. ವಿದ್ಯುತ್ತು ಇದ್ದಾಗ ಅಳೆಯುವುದು ಅನಿವಾರ್ಯವಾದರೆ ಕಪ್ಪು ತಂತಿಯನ್ನು ಕ್ಲಿಪ್ಪಿನಿಂದ ಪೆಟ್ಟಿಗೆಗೆ ಕಚ್ಚಿಸಿ, ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು, ಬಲಗೈ ಒಂದರಿಂದಲೇ ಅಳೆಯಿರಿ. ಎರಡು ಕೈಗಳ ನಡುವಿನ ದಾರಿ ಎದೆಯ ಮೂಲಕ ಹಾಯುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಕಡ್ಡಾಯ. ಮನೆಯಲ್ಲಿ ಒಬ್ಬರೇ ಇರುವಾಗ ಮೊದಲ ಬಾರಿ ಚಾಲೂ ಮಾಡಬೇಡಿ.

ಕೊನೆಯದಾಗಿ ತಾತನವರ ರೇಡಿಯೊ. ಅದರ ಇಎಲ್ 84 ಒಂದೇ. ಸ್ಟೀರಿಯೊಗೆ ಎರಡು ಬೇಕು. ಅರವತ್ತು ವರ್ಷದ ಹಳೆಯದಕ್ಕೆ ಹೊಸ ಜೊತೆ ಹೊಂದಿಸುವುದಕ್ಕಿಂತ ಹೊಸ ಜೋಡಿಯನ್ನೇ ಕೊಳ್ಳುವುದು ಸುಲಭ. ಆದ್ದರಿಂದ ಅದನ್ನು ಬಿಚ್ಚಿ ಹಾಳುಮಾಡದೆ ರೇಡಿಯೊವಾಗಿಯೇ ಎಬ್ಬಿಸಿ ಎಂದು ನನ್ನ ಬಿನ್ನಹ. ನಿಮ್ಮ ಅದೃಷ್ಟಕ್ಕೆ ವಾಲ್ವಿನ ಹೆಸರು ‘ಇ’ಯಿಂದ ಆರಂಭವಾಗುತ್ತದೆ. ಅದು 6.3 ವೋಲ್ಟ್ ಹೀಟರಿನ ಕುಲ, ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಒಳಗೆ ಆ ಟ್ರಾನ್ಸ್‌ಫಾರ್ಮರನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಿ. ಯುಎಲ್ 84, ಯುಸಿಎಚ್ 81 ಎಂಬಂತೆ ‘ಯು’ ಅಕ್ಷರದ ವಾಲ್ವುಗಳಿದ್ದರೆ ಹೀಟರುಗಳೆಲ್ಲ ಸರಣಿಯಲ್ಲಿ ಜೋಡಣೆಯಾಗಿದ್ದು, ಸಾಮಾನ್ಯವಾಗಿ ಕಬ್ಬಿಣದ ಚೌಕಟ್ಟೇ ಮನೆಯ ವಿದ್ಯುತ್ತಿನ ಒಂದು ತಂತಿಗೆ ನೇರವಾಗಿ ಸೇರಿರುತ್ತದೆ. ಅಂಥ ಸೆಟ್ಟನ್ನು ನಾನು ಹೊಸಬರಿಗೆ ಮುಟ್ಟಲು ಹೇಳುವುದಿಲ್ಲ.

ಅದನ್ನು ನೇರವಾಗಿ ಪ್ಲಗ್ಗಿಗೆ ಹಾಕುವ ಆತುರ ಮಾತ್ರ ಬೇಡ. ಹಿಂದೆ ವೋಲ್ಟೇಜ್ ಆಯ್ಕೆಯ ತಿರುಗುಣಿ ಇದ್ದರೆ ಅದನ್ನು ಇರುವುದರಲ್ಲಿ ಅತಿ ಹೆಚ್ಚಿನ ಅಂಕಿಗೆ ತಿರುಗಿಸಿ. ಮೇಣ ಹಚ್ಚಿದ ಕಾಗದದ ಕಂಡೆನ್ಸರುಗಳೆಲ್ಲವನ್ನೂ (ಕೆಪ್ಯಾಸಿಟರಿನ ಹಳೆಯ ಹೆಸರು), ಎಲ್ಲಕ್ಕಿಂತ ಮೊದಲು ಇಎಲ್ 84ರ 2ನೇ ಪಿನ್ನಿಗೆ ಬರುವ ಕಂಡೆನ್ಸರನ್ನು, ಹೊಸದಾಗಿ ಹಾಕಿ. ಅದು ಸೋರತೊಡಗಿದರೆ ಗ್ರಿಡ್ಡಿಗೆ ಧನ ವೋಲ್ಟೇಜ್ ಬಂದು, ವಾಲ್ವಿನ ಪ್ಲೇಟು ಕೆಂಪಗೆ ಕಾದು, ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗುತ್ತದೆ. ಆಮೇಲೆ ನಿಮ್ಮೂರಿನ ಎಲೆಕ್ಟ್ರಿಷಿಯನ್ ಬಳಿ ಇರುವಂಥ ಸೀರೀಸ್ ಲ್ಯಾಂಪ್ ಬೋರ್ಡಿಗೆ 60 ವಾಟ್‌ನ ಹಳೆಯ ತಂತಿ ಬಲ್ಬು ಹಾಕಿ, ಎಲ್‌ಇಡಿ ಬಲ್ಬು ಖಂಡಿತ ಅಲ್ಲ, ಅದರ ಮೂಲಕ ರೇಡಿಯೊಗೆ ವಿದ್ಯುತ್ತು ಕೊಡಿ. ಬಲ್ಬು ಒಮ್ಮೆ ಬೆಳಗಿ, ಮಂದವಾಗಿ, ವಾಲ್ವುಗಳು ಕಾದಂತೆ ಮತ್ತೆ ತುಸು ಏರಿ ಮಂದಬೆಳಕಿನಲ್ಲೇ ನಿಂತರೆ ಒಳಗೆ ದೊಡ್ಡ ದೋಷವಿಲ್ಲ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ, ಮೊದಲು ವಿದ್ಯುತ್ ಭಾಗದ ದೊಡ್ಡ ಕಂಡೆನ್ಸರುಗಳನ್ನು ಪರೀಕ್ಷಿಸಿ.